ಪರದೆಯ ಮೇಲಿನ ರಾಗ, ಕಾಲೇಜಿನ ವಾದ್ಯವೃಂದ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಕಾಲೇಜು ಓದುತ್ತಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ನಾಲ್ಕು ಮಾತು ಆಡುತ್ತೇನೆ. ಅವರ ತಂದೆ ತಾಯಿ, ಮೇಷ್ಟ್ರುಗಳೂ ಕೇಳಲಿ. ಸಿನೆಮಾದೊಳಗೆ ಬಂದು ನೆಲೆಸಿದ ಶಾಸ್ತ್ರೀಯ ಸಂಗೀತವನ್ನು ವಿದ್ಯಾರ್ಥಿಗಳೇ ಕೂಡಿ ವಾದ್ಯವೃಂದವಾಗಿ ನುಡಿಸುವ ಕುರಿತು ಈ ಮಾತು.

1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರ ಬಂತು. ಸಂಗೀತ ಶಂಕರ್–ಜೈಕಿಶನ್ ಅವರದು. ಚಿತ್ರದಲ್ಲಿ ಇಬ್ಬರು ಗಾಯಕರ ನಡುವೆ ಪಂದ್ಯ ನಡೆಯುತ್ತದೆ. ನಾಯಕನಿಗೆ ದನಿ ಕೊಟ್ಟವರು ಮನ್ನಾ ಡೇ. ಎದುರಾಳಿಗೆ ದನಿ ಕೊಟ್ಟವರು ನಮ್ಮ ಗದಗ ಸೀಮೆಯ ಭೀಮಸೇನ ಜೋಶಿ. ಕಥೆಯ ಪ್ರಕಾರ ನಾಯಕ ಗೆಲ್ಲಬೇಕು. ಅಂದರೆ ಭೀಮಸೇನರ ಎದುರು ಕೂತು, ಅವರನ್ನು ಸೋಲಿಸಿದ ಹಾಗೆ ಮನ್ನಾ ಡೇ ಹಾಡಬೇಕು! ಸುದ್ದಿ ತಿಳಿದ ಕೂಡಲೇ ತಾನು ಹೆದರಿಹೋದೆ, ಕೆಲವು ದಿನ ಊರು ಬಿಟ್ಟು ಹೋಗಿಬಿಡೋಣ ಎಂದುಕೊಂಡೆ, ಹೆಂಡತಿಯೇ ಧೈರ್ಯ ತುಂಬಿದಳು ಎಂದು ಮನ್ನಾ ಡೇ ಮುಂದೆ ತಾವೇ ಹೇಳಿಕೊಂಡರು. ಆ ಧ್ವನಿಮುದ್ರಿಕೆಯನ್ನು ಹುಡುಕಿ ಕೇಳಿ. ಬಸಂತ್ ರಾಗದ ಕೋಮಲ ರಿಷಭ ಬಂದಾಗ ಒಂದು ಬಣ್ಣ, ಬಹಾರ್ ರಾಗದ ಕೋಮಲ ಗಾಂಧಾರ ಬಂದಾಗ ಇನ್ನೊಂದು ಬಣ್ಣ. ಎರಡು ರಾಗಗಳು ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತವೆ. ಭೀಮಸೇನರ ತಾನ ಕೆಳಗಿನಿಂದ ಎದ್ದು ಬರುವ ರಭಸಕ್ಕೆ ಗೆದ್ದವರು ಯಾರು ಎಂಬುದೇ ಮರೆತುಹೋಗುತ್ತದೆ.

ಇಷ್ಟು ವಿಸ್ತಾರವಾಗಿ ಹೇಳಲು ಕಾರಣ ಉಂಟು. ಆ ಹಿಂದಿ ಚಿತ್ರದ ಕಥೆ ನಮ್ಮದು. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯನ್ನು ಆಧರಿಸಿ ಅದನ್ನು ಮಾಡಿದರು. ಅದೇ ಕಾದಂಬರಿಯನ್ನು 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ ಎಂಬ ಹೆಸರಿನಿಂದಲೇ ತೆರೆಗೆ ತಂದರು. ಅನಂತನಾಗ್ ಅದರಲ್ಲಿ ಕಥಾನಾಯಕ ಭೈರವಿ ವೆಂಕಟಸುಬ್ಬಯ್ಯ ಆದರು. ಆ ಚಿತ್ರದ ಗಾಯನಕ್ಕೆ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರದುರ್ಗದ ಒಬ್ಬ ಸಂಗೀತಗಾರನ ಕಥೆ ಮುಂಬೈಗೆ ಹೋಗಿ ಹಿಂದೂಸ್ತಾನಿ ಆಯಿತು, ಮನೆಗೆ ಮರಳಿ ಕರ್ನಾಟಕ ಸಂಗೀತವಾಯಿತು. ಎರಡೂ ಪದ್ಧತಿಗಳು ಜೊತೆಗೆ ಬಾಳುವ ನಮ್ಮ ನಾಡಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಒಂದು ಕಾಲೇಜಿನ ವಾದ್ಯವೃಂದ ಈ ಎರಡು ಚಿತ್ರಗಳ ಸಂಗೀತವನ್ನು ಒಂದೇ ಸಂಜೆ, ಒಂದರ ಬೆನ್ನಿಗೆ ಒಂದರಂತೆ ನುಡಿಸಿದರೆ, ಎರಡು ಪದ್ಧತಿಗಳ ನಡೆಯ ಭೇದ ಯಾವ ಉಪನ್ಯಾಸವೂ ಇಲ್ಲದೆ ಕಿವಿಗೆ ತಾನಾಗಿ ತಿಳಿಯುತ್ತದೆ.

ಇದೇನು ಸಿನೆಮಾ ಹಾಡಲ್ಲವೆ, ಶಾಸ್ತ್ರೀಯ ಸಂಗೀತದ ವೇದಿಕೆಗೆ ಯಾಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಹಿಂದೆ ರೇಡಿಯೋ ಕೂಡ ಹೀಗೇ ಕೇಳಿತ್ತು. 1952ರಲ್ಲಿ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಜನರ ಕಿವಿಯನ್ನು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಿಸಬೇಕು ಎಂಬ ಹಂಬಲ. ಆಕಾಶವಾಣಿಯಿಂದ ಚಿತ್ರಗೀತೆಗಳು ದೂರವಾದವು. ಕೇಳುಗರು ಸಿಲೋನ್ ರೇಡಿಯೋ ಹಿಡಿದರು. 1957ರಲ್ಲಿ ವಿವಿಧ ಭಾರತಿ ಬಂದ ಮೇಲಷ್ಟೇ ಅವರು ಮರಳಿದರು. ಅದೇ 1952ರಲ್ಲಿ ದೆಹಲಿ ಆಕಾಶವಾಣಿಯಲ್ಲಿ ರವಿಶಂಕರ್ ಅವರ ನೇತೃತ್ವದಲ್ಲಿ ವಾದ್ಯವೃಂದ ಹುಟ್ಟಿತು. ಅದೇ 1952ರಲ್ಲಿ ನೌಷಾದ್ ಸಂಗೀತದ ‘ಬೈಜು ಬಾವ್ರಾ’ ತೆರೆಗೆ ಬಂತು. ಅದರಲ್ಲಿ ಅಮೀರ್ ಖಾನ್ ಮತ್ತು ಡಿ.ವಿ. ಪಲುಸ್ಕರ್ ದೇಸಿ ರಾಗದಲ್ಲಿ ಜುಗಲ್‌ಬಂದಿ ಹಾಡಿದರು. ಸಿನೆಮಾ ಹಾಡನ್ನು ಹೊರಗಿಟ್ಟು ಶಾಸ್ತ್ರೀಯ ಸಂಗೀತವನ್ನು ಬೆಳೆಸಲು ಸರ್ಕಾರ ಹೊರಟ ವರ್ಷವೇ ಒಂದು ಸಿನೆಮಾ ಇಬ್ಬರು ಮಹಾ ಗಾಯಕರನ್ನು ಟೆಂಟಿನ ನೆಲದ ಮೇಲೆ ಕೂತ ಪ್ರೇಕ್ಷಕನ ಕಿವಿಗೆ ಮುಟ್ಟಿಸಿತು. ಕೇಸ್ಕರರ ಸಂಗೀತ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅವರು ಹಾಕಿದ ಗೋಡೆ ತಪ್ಪಾದ ಜಾಗದಲ್ಲಿತ್ತು.

ಆ ಗೋಡೆಯ ಒಂದು ತುಂಡು ನಮ್ಮ ಕಾಲೇಜುಗಳಲ್ಲಿ ಇನ್ನೂ ನಿಂತಿದೆ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮಗಳನ್ನು ನೋಡಿ. ಶಾಸ್ತ್ರೀಯ ಗಾಯನ ಒಂದು ಸ್ಪರ್ಧೆ, ಸುಗಮ ಗಾಯನ ಇನ್ನೊಂದು, ಸಮೂಹಗಾನ ಮತ್ತೊಂದು, ಜಾನಪದ ವಾದ್ಯವೃಂದ ಬೇರೊಂದು. ಸುಗಮ ಗಾಯನಕ್ಕೂ ಸಮೂಹಗಾನಕ್ಕೂ ಚಿತ್ರಗೀತೆ ತರುವಂತಿಲ್ಲ. ಸ್ಪರ್ಧೆಯ ಶಿಸ್ತಿಗೆ ಅದು ಬೇಕೇನೋ. ಆದರೆ ಅದರ ಫಲವಾಗಿ ಚಿತ್ರಗೀತೆ ಹೋಗಿ ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ಟ್ರ್ಯಾಕ್ ಹಾಕಿ ಹಾಡುವ ಬಾಬ್ತಾಗಿ ಉಳಿದುಕೊಂಡಿದೆ. ಮೊಬೈಲಿನಿಂದ ವಾದ್ಯಗಳು ಬರುತ್ತವೆ, ಹುಡುಗ ಮೈಕ್ ಹಿಡಿಯುತ್ತಾನೆ. ಆ ಟ್ರ್ಯಾಕಿನಲ್ಲಿ ಕೇಳಿಸುವ ಸಿತಾರ್, ಕೊಳಲು, ಶಹನಾಯಿಗಳನ್ನು ನುಡಿಸಬಲ್ಲ ಕೈಗಳು ಅದೇ ಊರಿನಲ್ಲಿ ಇರುತ್ತವೆ, ಅವರನ್ನು ಯಾರೂ ಕರೆಯುವುದಿಲ್ಲ.

ಇವೆಯೇ ಅಂಥ ಕೈಗಳು ಎಂದು ಕೇಳಬಹುದು. ಹಳಿಯಾಳದ ಯಾವ ಹಳ್ಳಿಗೆ ಬೇಕಾದರೂ ಹೋಗಿ. ಭಜನಾ ಮಂಡಳಿಯಲ್ಲಿ ಪೇಟಿ, ಪಖವಾಜ, ತಾಳ ಹಿಡಿದವರು ಸಿಗುತ್ತಾರೆ. ಅಭಂಗ ಹಾಡುವ ಮನೆಯ ಹುಡುಗನಿಗೆ ಭೂಪ, ಭೈರವಿ ರಾಗಗಳು ಹೆಸರು ತಿಳಿಯುವ ಮೊದಲೇ ಗಂಟಲಿಗೆ ಬಂದಿರುತ್ತವೆ. ಮದುವೆಗೆ, ಜಾತ್ರೆಗೆ ಸನಾದಿ ಊದುವವರು ಇದ್ದಾರೆ. ಜೋಯಿಡಾದ ಕಡೆ ಗುಮಟೆ ಎಂಬ ವಾದ್ಯ ಇದೆ. ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದವರ ಡಮಾಮಿಯ ಲಯ ಯಾವ ತಬಲಾ ವಿದ್ಯಾರ್ಥಿಗೂ ಸವಾಲು ಹಾಕಬಲ್ಲದು. ಸಿದ್ದಿ ಗಾಯಕಿಯರ ದನಿ 2021ರ ‘ಸಲಗ’ ಚಿತ್ರದ ಮೂಲಕ ಇಡೀ ಕರ್ನಾಟಕವನ್ನು ಕುಣಿಸಿದ್ದು ನಿಮಗೆ ಗೊತ್ತೇ ಇದೆ. ಮುಂಡಗೋಡದ ಟಿಬೆಟನ್ ಮಠಗಳಲ್ಲಿ ಮೊಳಗುವ ಉದ್ದನೆಯ ಕಹಳೆ ಫಿಲಿಪ್ ಗ್ಲಾಸ್ ಸಂಗೀತ ನೀಡಿದ ‘ಕುಂದುನ್’ ಎಂಬ 1997ರ ಇಂಗ್ಲಿಷ್ ಚಿತ್ರದಲ್ಲೂ ಕೇಳಿಸುತ್ತದೆ. ದಾಂಡೇಲಿಯಂತೂ ಕಾಗದದ ಗಿರಣಿಗೆ ಕೆಲಸ ಹುಡುಕಿ ಬಂದ ಹಲವು ಭಾಷೆಗಳ ಜನರ ಊರು. ಅಲ್ಲಿ ಒಂದು ತರಗತಿಯಲ್ಲಿ ಎಷ್ಟು ಬಗೆಯ ಹಾಡು ಕೂತಿರುತ್ತದೆಯೋ!

ಸನಾದಿಯ ಮಾತು ಬಂತು. 1977ರ ‘ಸನಾದಿ ಅಪ್ಪಣ್ಣ’ ಚಿತ್ರವನ್ನು ನಿಮ್ಮ ಮನೆಯ ಹಿರಿಯರೆಲ್ಲ ನೋಡಿದ್ದಾರೆ. ಕೃಷ್ಣಮೂರ್ತಿ ಪುರಾಣಿಕರ ಕಥೆ, ರಾಜ್‌ಕುಮಾರ್ ಅಭಿನಯ, ಜಿ.ಕೆ. ವೆಂಕಟೇಶ್ ಸಂಗೀತ. ತೆರೆಯ ಮೇಲೆ ಅಪ್ಪಣ್ಣ ಸನಾದಿ ಎತ್ತಿ ತುಟಿಗಿಟ್ಟಾಗ ಹೊರಡುವ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ಕಾಶಿಯ ಉಸ್ತಾದರು ಕನ್ನಡದ ಒಬ್ಬ ಹಳ್ಳಿಯ ವಾದಕನಿಗಾಗಿ ನುಡಿಸಿದರು. ಎಸ್. ಜಾನಕಿ ಒಂದು ಸಾಲು ಹಾಡುತ್ತಾರೆ, ಶಹನಾಯಿ ಅದನ್ನು ಎತ್ತಿಕೊಂಡು ಮುಂದೆ ಒಯ್ಯುತ್ತದೆ, ಮತ್ತೆ ದನಿ ಬಂದು ಸೇರಿಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಇಡೀ ರಾಗದ ಹೃದಯವೇ ಇದೆ. ನನ್ನ ಮಟ್ಟಿಗೆ ಕನ್ನಡ ಸಿನೆಮಾ ಶಾಸ್ತ್ರೀಯ ಸಂಗೀತಕ್ಕೆ ಕೊಟ್ಟ ಅತ್ಯಂತ ದೊಡ್ಡ ಗೌರವ ಈ ಚಿತ್ರ. ಯಾಕೆಂದರೆ ಇಲ್ಲಿ ಕಲಾವಿದ ಆಸ್ಥಾನದವನಲ್ಲ, ಬಾಗಿಲ ಹೊರಗೆ ಕೂತು ಊದಿ, ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂರುವವನು.

ಇನ್ನು ನುಡಿಸುವ ಕಷ್ಟದ ಬಗ್ಗೆ ಹೇಳಬೇಕು, ಏಕೆಂದರೆ ಇದು ಸುಲಭದ ಕೆಲಸವಲ್ಲ. ನಮ್ಮ ಸಂಗೀತ ಮೂಲತಃ ಒಬ್ಬರ ಸಂಗೀತ. ಒಬ್ಬ ಗಾಯಕ ಆ ಕ್ಷಣಕ್ಕೆ ತೋಚಿದಂತೆ ರಾಗವನ್ನು ಬಿಡಿಸುತ್ತ ಹೋಗುತ್ತಾನೆ. ಹತ್ತು ಹನ್ನೆರಡು ಮಂದಿ ಕೂಡಿ ನುಡಿಸಬೇಕೆಂದರೆ ಮೊದಲೇ ಬರೆದು ನಿಗದಿ ಮಾಡಿಕೊಳ್ಳಬೇಕು. ಬರೆದ ಕೂಡಲೇ ರಾಗ ಗಟ್ಟಿಯಾಗಿ ನಿಂತುಬಿಡುವ ಅಪಾಯ ಇದೆ. ದರ್ಬಾರಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ತೂಗಾಡುತ್ತ ಇಳಿಯಬೇಕು. ಸಿತಾರಿನಲ್ಲಿ ತಂತಿ ಎಳೆದು, ಕೊಳಲಿನಲ್ಲಿ ಬೆರಳು ಜಾರಿಸಿ ಅದನ್ನು ತರಬಹುದು. ಪೇಟಿಯಲ್ಲಿ ಆಗದು, ಅದರ ಪಟ್ಟಿ ಒತ್ತಿದರೆ ಒಂದೇ ಸ್ವರ. ಈ ಕಾರಣಕ್ಕೇ 1940ರಿಂದ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಪ್ರವೇಶ ಇರಲಿಲ್ಲ. ಹಾಗಾಗಿ ವಿದ್ಯಾರ್ಥಿಗಳ ವೃಂದ ಮಾಡುವವರು ಪೇಟಿಗೆ ಹಿನ್ನೆಲೆಯ ಜಾಗ ಕೊಟ್ಟು, ಜಾರು ಇರುವ ಸಾಲುಗಳನ್ನು ತಂತಿಗೂ ಕೊಳಲಿಗೂ ಬಿಡಬೇಕು. ಶ್ರುತಿಯ ಜಗಳವೂ ಇರುತ್ತದೆ. ಸನಾದಿಯ ಶ್ರುತಿ ಅದನ್ನು ಕೊರೆದಾಗಲೇ ನಿಶ್ಚಯವಾಗಿರುತ್ತದೆ, ಹೆಚ್ಚು ಬದಲಿಸಲಾಗದು. ಆದ್ದರಿಂದ ತಬಲಾ, ಸಿತಾರ್, ಪಿಟೀಲುಗಳು ಸನಾದಿಯ ಶ್ರುತಿಗೇ ಬಂದು ಸೇರಬೇಕು. ಊರಿನ ಸನಾದಿಯವರಿಗೆ ಇಡೀ ವೃಂದ ಶ್ರುತಿ ಹೊಂದಿಸಿಕೊಂಡು ಕೂರುವುದನ್ನು ನೋಡಲು ನನಗೆ ಬಹಳ ಆಸೆ.

ಈ ಕಷ್ಟವನ್ನು ಮುಂಬೈಯ ಸಿನೆಮಾ ಸ್ಟುಡಿಯೋಗಳಲ್ಲಿ ಬಿಡಿಸಿದವರಲ್ಲಿ ದೊಡ್ಡ ಪಾಲು ಗೋವೆಯವರದು. ಜೋಯಿಡಾದ ಗಡಿ ದಾಟಿದರೆ ಗೋವೆ. ಅಲ್ಲಿ ಇಗರ್ಜಿಯ ಶಾಲೆಗಳಲ್ಲಿ ಪಿಟೀಲು, ಸ್ವರಲಿಪಿ ಕಲಿತ ಹುಡುಗರು ಮುಂಬೈ ಸೇರಿ, ಸಂಗೀತ ನಿರ್ದೇಶಕರು ಹಾಡಿ ತೋರಿಸಿದ ರಾಗವನ್ನು ಇಡೀ ವಾದ್ಯಮೇಳಕ್ಕೆ ಬರೆದುಕೊಟ್ಟರು. ಶಂಕರ್–ಜೈಕಿಶನ್ ಅವರಿಗೆ ವರ್ಷಗಟ್ಟಲೆ ಹಾಗೆ ಬರೆದುಕೊಟ್ಟವರು ಸೆಬಾಸ್ಟಿಯನ್ ಡಿಸೋಜಾ. ಮಜೋರ್ಡಾ ಎಂಬ ಊರಿನ ಆಂಥನಿ ಗೊನ್ಸಾಲ್ವಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಾಗಗಳನ್ನೇ ಪಾಶ್ಚಾತ್ಯ ವಾದ್ಯಮೇಳಕ್ಕೆ ಅಳವಡಿಸಿ, 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಕಛೇರಿ ನಡೆಸಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದರು. ‘ಅಮರ್ ಅಕ್ಬರ್ ಆಂಥನಿ’ ಚಿತ್ರದ ಹಾಡಿನಲ್ಲಿ ಬರುವ ಆಂಥನಿ ಗೊನ್ಸಾಲ್ವಿಸ್ ಇವರೇ. ಅದು ಆ ಚಿತ್ರದ ಸಂಗೀತ ನಿರ್ದೇಶಕರಲ್ಲೊಬ್ಬರಾದ ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ವಂದನೆ. ಜೋಯಿಡಾದ ಒಬ್ಬ ವಿದ್ಯಾರ್ಥಿಗೆ ಇದು ನೆರೆಮನೆಯ ಚರಿತ್ರೆ. ಇಷ್ಟು ಹತ್ತಿರದ ವಿದ್ಯೆ ಅವನಿಗೆ ಪಠ್ಯದಲ್ಲಿ ಎಲ್ಲೂ ಸಿಗುವುದಿಲ್ಲ.

ಸಿನೆಮಾ ಹಾಡಿನ ಮೂರು ನಿಮಿಷದಲ್ಲಿ ರಾಗ ಎಲ್ಲಿ ಬರುತ್ತದೆ ಎಂಬ ಆಕ್ಷೇಪವೂ ಇದೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಹಳೆಯ ಗ್ರಾಮಫೋನ್ ತಟ್ಟೆಗಳು ಇದಕ್ಕೆ ಉತ್ತರ. ಝಿಂಝೋಟಿ ರಾಗದ ಒಂದು ಠುಮರಿಯನ್ನು ಅವರು ಸುಮಾರು ಮೂರು ನಿಮಿಷದಲ್ಲೇ ಹಾಡಿ ಮುಗಿಸಿದರು. ಅದೇ ಠುಮರಿಯನ್ನು ಕೆ.ಎಲ್. ಸೈಗಲ್ ‘ದೇವದಾಸ್’ ಚಿತ್ರಕ್ಕೆ ಹಾಡಿದರು. ಬಾಲಕ ಭೀಮಸೇನನನ್ನು ಸಂಗೀತದ ಹುಚ್ಚಿಗೆ ಹಚ್ಚಿ ಮನೆ ಬಿಡಿಸಿದ್ದು ಖಾನ್ ಸಾಹೇಬರ ಅದೇ ತಟ್ಟೆ. ಮುಂದೆ ಭೀಮಸೇನರು ಕುಂದಗೋಳಕ್ಕೆ ಬಂದು, ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪಾದ ಹಿಡಿದರು. ಮುಂಡಗೋಡದಿಂದ ಹುಬ್ಬಳ್ಳಿಗೆ ಹೋಗಿ ಬರುವವರಿಗೆ ಕುಂದಗೋಳ ಎಷ್ಟು ದೂರ ಹೇಳಿ! ಕಿರು ಹಾಡು ದೊಡ್ಡ ಸಂಗೀತಕ್ಕೆ ಎಳೆದು ತರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದನ್ನು ಹೇಳಿಬಿಡುತ್ತೇನೆ. ಗದುಗಿನ ಪಂಚಾಕ್ಷರಿ ಗವಾಯಿಗಳ ಜೀವನದ ಮೇಲೆ 1995ರಲ್ಲಿ ಬಂದ ಚಿತ್ರಕ್ಕೆ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ ಎಸ್.ಪಿ.ಬಿ. ಅದರಲ್ಲಿ ಗವಾಯಿಗಳ ದನಿಯಾಗಿ ಹಿಂದೂಸ್ತಾನಿ ಧಾಟಿಯಲ್ಲಿ ಹಾಡಿದರು. ಕೇಳಿ ಕೇಳಿ, ತಿದ್ದಿ ತಿದ್ದಿ ಪಡೆದ ವಿದ್ಯೆ ಅದು. ನಮಗೆ ಬರುವುದಿಲ್ಲ ಎಂದು ಹಿಂಜರಿಯುವ ವಿದ್ಯಾರ್ಥಿಗೆ ಈ ಚಿತ್ರದ ಹಾಡುಗಳನ್ನು ಮೊದಲು ಕೇಳಿಸಬೇಕು.

ಈ ನಾಲ್ಕೂ ತಾಲೂಕುಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಗಂಗೂಬಾಯಿ ಹಾನಗಲ್ಲರು ಗೌರವ ಪ್ರಾಧ್ಯಾಪಕಿಯಾಗಿದ್ದ ವಿಶ್ವವಿದ್ಯಾಲಯ ಅದು. ಅಲ್ಲಿ ಸಂಗೀತ ಮಹಾವಿದ್ಯಾಲಯವಿದೆ, ಸಿತಾರ್, ತಬಲಾ ಕಲಿಸುವವರಿದ್ದಾರೆ. ಹಳಿಯಾಳದಿಂದ ಬಸ್ಸಿನಲ್ಲಿ ಸುಮಾರು ಒಂದು ತಾಸಿನ ಹಾದಿ. ಧಾರವಾಡದ ಸಂಗೀತ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ವಾರ ದಾಂಡೇಲಿಗೋ ಮುಂಡಗೋಡಕ್ಕೋ ಬಂದು, ಅಲ್ಲಿಯ ಹುಡುಗರೊಂದಿಗೆ ಕೂತು ಅಭ್ಯಾಸ ಮಾಡಿಸಲಿ. ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ, ಸ್ಪರ್ಧೆಯ ಹೊರಗೆ, ಚಿತ್ರಗಳಲ್ಲಿ ಬಂದ ಶಾಸ್ತ್ರೀಯ ಸಂಗೀತದ ವಾದ್ಯವೃಂದಕ್ಕೆ ಒಂದು ಸಂಜೆಯನ್ನು ಮೀಸಲಿಡಲಿ. ಪ್ರಾಚಾರ್ಯರಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷದ ಸ್ನೇಹ ಸಮ್ಮೇಳನದಲ್ಲಿ ಟ್ರ್ಯಾಕ್ ಇಲ್ಲದ ಹತ್ತು ನಿಮಿಷ ಕೊಡಿ. ಊರಿನ ಸನಾದಿಯವರನ್ನು ಶಾಲು ಹೊದಿಸಿ ಕಳಿಸಬೇಡಿ, ವೃಂದದ ನಡುವೆ ಕೂರಿಸಿ. ವಿದ್ಯಾರ್ಥಿಗಳೇ, ನೀವು ‘ಸನಾದಿ ಅಪ್ಪಣ್ಣ’ದಿಂದಲೇ ಶುರು ಮಾಡಿ.