ಕೊಯ್ಲಿಗೆ ಮುಂಚಿನ ಬಿಡುವು

ಆಗಸ್ಟ್ ಕೊನೆಯ ಹೊತ್ತಿಗೆ ಕರಾವಳಿಯಲ್ಲಿ ಮಳೆಯ ಅಬ್ಬರ ತಗ್ಗಿ, ಗದ್ದೆಗಳಲ್ಲಿ ತೆನೆ ತಲೆದೋರುತ್ತದೆ. ಆಗಲೇ ಮಂಗಳೂರು ಸೀಮೆಯ ಕ್ಯಾಥೊಲಿಕ್ ಚರ್ಚುಗಳಲ್ಲಿ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ತೊಡಗುತ್ತದೆ. ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ, ಮೊಂತಿ ಹಬ್ಬ. ಅಂದು ಆಶೀರ್ವಾದ ಪಡೆದ ಹೊಸ ತೆನೆ ಮನೆಮನೆಗೆ ಬಂದು, ಅದರ ಕಾಳು ಹಾಲಿಗೋ ಪಾಯಸಕ್ಕೋ ಬೀಳುತ್ತದೆ. ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. ಪೈರೆಲ್ಲ ಕಣಜ ಸೇರುವವರೆಗೆ ಈ ಹಬ್ಬ ಕಾಯುವುದಿಲ್ಲ. ಕೈಗೆ ಬಂದದ್ದು ಮೊದಲ ತೆನೆ ಮಾತ್ರ, ದುಡಿಮೆ ಇನ್ನೂ ಬಾಕಿಯಿದೆ. ಆದರೂ ಕೃತಜ್ಞತೆಗೆಂದು ಕೈ ಬಿಡುವಾಗುತ್ತದೆ.

ಬೈಬಲಿನ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ಇದಕ್ಕೆ ಹತ್ತಿರವಾದ ಕಟ್ಟಳೆಯೊಂದಿದೆ: ಉಳುಮೆಯ ಕಾಲದಲ್ಲೂ ಸುಗ್ಗಿಯ ಕಾಲದಲ್ಲೂ ಏಳನೆಯ ದಿನ ವಿಶ್ರಮಿಸಬೇಕು. ಬೇಸಾಯದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಕಾಲಗಳು ಇವೆರಡೇ. ಬಿತ್ತುವವನಿಗೆ ಮಳೆ ಕೈಕೊಟ್ಟೀತೆಂಬ ಅಂಜಿಕೆ, ಕೊಯ್ಯುವವನಿಗೆ ಇನ್ನಷ್ಟು ಸಿಗಲೆಂಬ ಆಸೆ. ಎಲ್ಲವೂ ನನ್ನ ಕೈಯಲ್ಲೇ ಇದೆ ಎಂದು ಮನಸ್ಸು ನಂಬುವುದೂ ಆಗಲೇ. ಆ ಹೊತ್ತಿನಲ್ಲಿ ನೇಗಿಲು ಕೆಳಗಿಡುವವನು, ಬೀಜ ಮೊಳೆತದ್ದು ತನ್ನ ಬಲದಿಂದಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಕೆಲಸವೆಲ್ಲ ತೀರಿದ ಮೇಲೆ ಪಡೆಯುವ ವಿಶ್ರಾಂತಿ ದಣಿವನ್ನು ಆರಿಸುತ್ತದೆ. ಕೆಲಸದ ನಡುವೆ ಪಡೆಯುವ ವಿಶ್ರಾಂತಿ ಅಹಂಕಾರವನ್ನೂ ಅಂಜಿಕೆಯನ್ನೂ ಆರಿಸುತ್ತದೆ.

ದಿನಗೂಲಿಯವರಿಗೆ ಈ ಮಾತು ಹೇಗೆ ಹೊಂದೀತು, ಇಂದು ದುಡಿಯದಿದ್ದರೆ ನಾಳೆ ಒಲೆ ಉರಿಯದಲ್ಲ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಇದಕ್ಕೆ ಉತ್ತರಿಸುತ್ತದೆ. ಅಲ್ಲಿ ದಾಸದಾಸಿಯರಿಗೂ ಪರದೇಶಿಗೂ ಎತ್ತು ಕತ್ತೆಗಳಿಗೂ ಬಿಡುವು ಸಲ್ಲಬೇಕು. ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರೆಂಬ ನೆನಪೇ ಅದಕ್ಕೆ ಕಾರಣ. ಅಂದರೆ ಕಟ್ಟಳೆಯ ಹೊಣೆ ದುಡಿಸಿಕೊಳ್ಳುವವರ ಮೇಲಿದೆ. ಹಾಗಾದರೆ ರೋಗಿಯ ಆರೈಕೆಯನ್ನೂ ನಿಲ್ಲಿಸಬೇಕೇ? ಯೇಸುಸ್ವಾಮಿ ಸಬ್ಬತ್ ಎಂಬ ಆ ಏಳನೆಯ ದಿನದಲ್ಲೇ ರೋಗಿಗಳನ್ನು ಗುಣಪಡಿಸಿ, ಆ ದಿನ ಇರುವುದೇ ಮನುಷ್ಯನ ಒಳಿತಿಗಾಗಿ ಎಂದು ತೋರಿಸಿದರು. ಋತು ಹೊರಳುವಾಗ ನಮಗೂ ಕೆಲಸಗಳು ಮುಗಿದಿರುವುದಿಲ್ಲ. ಮುಗಿಯಲೆಂದು ಕಾಯದೆ ಒಂದು ದಿನ ಕೈಕಟ್ಟಿ ಕೂತು, ಬಂದುದನ್ನು ನೆನೆಯೋಣ. ನಮ್ಮ ಮನೆಯಲ್ಲಿ ದುಡಿಯುವವರಿಗೂ ಅಂದಿನ ಕೂಲಿ ಕೊಟ್ಟೇ ರಜೆ ಕೊಡೋಣ. ಅವರೂ ಕುಳಿತಾಗಲೇ ನಮ್ಮ ವಿಶ್ರಾಂತಿ ಪೂರ್ಣವಾಗುತ್ತದೆ.