ಮೇಷ್ಟ್ರ ಮೊದಲ ಸಂಬಳ



ನಮ್ಮಲ್ಲಿ ಬಹಳ ಮಂದಿ ಬಿ.ಇಡಿ. ಓದ್ತಾ ಇದ್ದೀವಿ. ಹೈಸ್ಕೂಲು ಮೇಷ್ಟ್ರಾದರೆ ಮನೆ ಸಾಲ ತೀರುತ್ತೆ ಅನ್ನೋ ಆಸೆ ನಮಗೆಲ್ಲ ಇದೆ. ಹಾಗಾಗಿ ಆ ಸಂಬಳದ ಲೆಕ್ಕ ನಮಗೆ ಗೊತ್ತಿರಬೇಕು.

ಕೇಂದ್ರ ಸರ್ಕಾರದ ಶಾಲೆಗಳಲ್ಲಿ ಪದವೀಧರ ಶಿಕ್ಷಕರ ಆರಂಭದ ಮೂಲವೇತನ 1973ರ ಶ್ರೇಣಿಯಲ್ಲಿ 440 ರೂಪಾಯಿ. 1986ರಲ್ಲಿ 1,400. 1996ರಲ್ಲಿ 5,500. 2016ರಲ್ಲಿ 44,900. ನೂರು ಪಟ್ಟು ಏರಿತು ಅಂತ ಹೊಟ್ಟೆ ಉರಿದುಕೊಳ್ಳೋರಿದ್ದಾರೆ. ಬೆಲೆ ಏರಿದಂತೆ ಕೊಟ್ಟ ತುಟ್ಟಿಭತ್ಯೆಯೇ ಮೂಲವೇತನದೊಳಗೆ ಸೇರಿದ್ದನ್ನ ಅವರು ಹೇಳೋದಿಲ್ಲ. 2016ರಲ್ಲಿ ಹಳೇ ಮೂಲವೇತನವನ್ನ 2.57ರಿಂದ ಗುಣಿಸಿದರು. ಅದರಲ್ಲಿ 2.25 ಪಾಲು ಆಗಲೇ ಕೈಗೆ ಬರ್ತಿದ್ದ ದುಡ್ಡು. ನಿಜವಾಗಿ ಹೆಚ್ಚಿದ್ದು ನೂರಕ್ಕೆ 14ರಷ್ಟು.

ಇನ್ನು ನಮ್ಮ ರಾಜ್ಯ. 2017ರ ಶ್ರೇಣಿಯಲ್ಲಿ ಸರ್ಕಾರಿ ಹೈಸ್ಕೂಲು ಸಹಶಿಕ್ಷಕರ ಆರಂಭದ ಮೂಲವೇತನ 33,450. ಅದೇ ಶ್ರೇಣಿ ನಡೀತಿದ್ದ 2022ರಲ್ಲಿ, ಅದೇ ಪಾಠ ಹೇಳೋ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10,500. ತುಟ್ಟಿಭತ್ಯೆ ಇಲ್ಲ, ವಾರ್ಷಿಕ ಬಡ್ತಿ ಇಲ್ಲ, ಪಿಂಚಣಿ ಇಲ್ಲ. ಇದೆಂಥ ಅತಿಥಿ ಸತ್ಕಾರ?

ಖಾಲಿ ಹುದ್ದೆ ತುಂಬದೆ ಅತಿಥಿಗಳಿಂದಲೇ ಶಾಲೆ ನಡೆಸಿದರೆ ನಮ್ಮ ಮೀಸಲಾತಿ ಕಾಗದದ ಮೇಲೇ ಉಳಿಯುತ್ತೆ. ಹುದ್ದೆಯೇ ಇಲ್ಲದ ಮೇಲೆ ಶ್ರೇಣಿ ಎಷ್ಟಾದರೇನು? ಮುಂದೆ ವೇತನ ಆಯೋಗದ ವರದಿ ಬಂದಾಗ ಸಂಬಳದ ಅಂಕಿ ನೋಡಿ ಸುಮ್ಮನಾಗೋದು ಬೇಡ. ಖಾಯಂ ಹುದ್ದೆ ಎಷ್ಟು, ಖಾಲಿ ಎಷ್ಟು, ಬ್ಯಾಕ್‌ಲಾಗ್ ಎಷ್ಟು ಅಂತ ಕೇಳೋಣ. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯೋದು ಬಿಟ್ಟು ಎಲ್ಲರೂ ಸೇರಿ ಕೇಳೋಣ.