ವೀರಗೃಹಸ್ಥ ಕಾರ್ಯಪ್ಪನವರ ಸ್ಮರಣೆ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವದಲ್ಲಿ ಯತಿವರ್ಯರ ಚರಿತ್ರೆಯನ್ನು ಹೇಳುವುದು ವಾಡಿಕೆ. ನಾನಾದರೋ ಒಬ್ಬ ಯೋಧನನ್ನು, ಅದಕ್ಕಿಂತಲೂ ಹೆಚ್ಚಾಗಿ ಒಬ್ಬ ತಂದೆಯನ್ನು, ಸ್ಮರಿಸಬೇಕೆಂದಿರುವೆನು. ಮನೆಮಕ್ಕಳನ್ನು ತೊರೆದವನಿಗೆ ಸಮದೃಷ್ಟಿಯು ಸುಲಭವೆಂದು ಹೇಳುವವರುಂಟು. ಮಕ್ಕಳನ್ನು ಎದೆಗಪ್ಪಿಕೊಂಡಿರುವ ಗೃಹಸ್ಥನಿಗೆ ಅದು ಸಾಧ್ಯವೆ? ಈ ಪ್ರಶ್ನೆಗೆ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಬಾಳೇ ಉತ್ತರವಾಗಿದೆ.

ಅವರ ಜನ್ಮಭೂಮಿ ಕೊಡಗು. ವೀರಶೈವರಾದ ಹಾಲೇರಿಯ ಅರಸರು 1834ರ ವರೆಗೆ ಆಳಿದ ಆ ಬೆಟ್ಟದ ನಾಡು ನಮಗೆ ಅಪರಿಚಿತವಲ್ಲ. ಕಾರ್ಯಪ್ಪನವರು ಇಂದೂರಿನಲ್ಲಿ ಶಿಕ್ಷಣವನ್ನು ಪಡೆದು 1919ರಲ್ಲಿ ಸೇನಾಧಿಕಾರಿಗಳಾದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಮೊದಲ ಭಾರತೀಯ ಅಧಿಕಾರಿ ಅವರೇ. 1949ನೆಯ ಜನವರಿ 15ರಂದು, ಅದುವರೆಗೆ ಆಂಗ್ಲರ ಕೈಯಲ್ಲಿದ್ದ ಮಹಾದಂಡನಾಯಕ ಪದವಿಯು ಅವರಿಗೆ ಸಂದಿತು. ದೇಶವು ಆ ದಿನವನ್ನು ಇಂದಿಗೂ ಸೇನಾದಿನವೆಂದು ಆಚರಿಸುತ್ತಿರುವುದು. 1953ರಲ್ಲಿ ನಿವೃತ್ತರಾದ ಮೇಲೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಭಾರತದ ಪ್ರತಿನಿಧಿಗಳಾಗಿದ್ದು, ಬಳಿಕ ಮಡಿಕೇರಿಯ ತಮ್ಮ ಮನೆಯಲ್ಲಿ ನೆಲೆಸಿದರು.

ಈ ಪದವಿಗಳನ್ನು ಜಗತ್ತು ಬಲ್ಲದು. ಅವರ ಮನೆವಾರ್ತೆಯನ್ನು ಬಲ್ಲವರು ಕಡಿಮೆ. ಅವರ ದಾಂಪತ್ಯವು ಬಹುಕಾಲ ಉಳಿಯಲಿಲ್ಲ. ಒಬ್ಬ ಮಗ, ಒಬ್ಬ ಮಗಳು. ಅವರಿಬ್ಬರನ್ನು ಬೆಳೆಸುವ ಹೊಣೆಯು ತಂದೆಯ ಮೇಲೆಯೇ ಬಿದ್ದಿತು. ಮಗನು ಮುಂದೆ ಬರೆದ ಪಿತೃಚರಿತ್ರೆಯಿಂದ ಆ ಮನೆಯ ಶಿಸ್ತೂ ವಾತ್ಸಲ್ಯವೂ ನಮಗೆ ತಿಳಿದುಬರುತ್ತವೆ. ದೆಹಲಿಯಲ್ಲಿದ್ದಾಗ ಒಂದು ದಿನ ಮಕ್ಕಳನ್ನು ಶಾಲೆಗೆ ಒಯ್ಯುವ ವಾಹನವು ಬಾರದಿರಲು, ಕೈಕೆಳಗಿನ ಅಧಿಕಾರಿಯೊಬ್ಬರು ದಂಡನಾಯಕರ ಸರ್ಕಾರಿ ಕಾರಿನಲ್ಲಿ ಅವರನ್ನು ಕಳುಹಿಸಿಬಿಟ್ಟರಂತೆ. ವಿಷಯವನ್ನರಿತ ತಂದೆಯು ಅಧಿಕಾರಿಯನ್ನು ಗದರಿಸಿ, ಆ ಪಯಣದ ವೆಚ್ಚವನ್ನು ತಮ್ಮಿಂದ ವಸೂಲು ಮಾಡಿಸಿದರಂತೆ. ಬೀಜವು ಚಿಕ್ಕದು, ಆದರೆ ಮುಂದಿನ ಮರವೆಲ್ಲ ಅದರಲ್ಲಿಯೇ ಅಡಗಿದ್ದಿತು.

1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾಯಿತು. ಮಗನು ವಾಯುಸೇನೆಯಲ್ಲಿ ವಿಮಾನ ನಡೆಸುತ್ತಿದ್ದನು. ಸೆಪ್ಟೆಂಬರ್ 22ರಂದು, ಯುದ್ಧವು ನಿಲ್ಲುವ ಹೊತ್ತಿಗೆ, ಆತನ ವಿಮಾನವು ಶತ್ರುಗಳ ಗುಂಡಿಗೆ ಸಿಕ್ಕಿ ಬಿದ್ದು ಆತನು ಸೆರೆಯಾದನು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಗೌರವದಿಂದ, ನಿಮ್ಮ ಮಗನನ್ನು ಬಿಡುಗಡೆ ಮಾಡುವೆನೆಂದು ಅವರು ಹೇಳಿ ಕಳುಹಿಸಿದರು. ಆತನು ಈಗ ನನ್ನ ಮಗನಲ್ಲ, ದೇಶದ ಮಗನು. ಬಿಡುವುದಾದರೆ ಸೆರೆಯಾದ ಎಲ್ಲರನ್ನೂ ಬಿಡಿರಿ, ಇಲ್ಲವಾದರೆ ಆತನಿಗೂ ವಿಶೇಷೋಪಚಾರವು ಬೇಡ ಎಂಬರ್ಥದ ಉತ್ತರವು ಮಡಿಕೇರಿಯಿಂದ ಹೋಯಿತು. ಮಗನು 1966ರಲ್ಲಿ ಊರಿಗೆ ಮರಳಿ, ಕಾಲಕ್ರಮದಲ್ಲಿ ಏರ್ ಮಾರ್ಷಲ್ ಪದವಿಗೇರಿದನು.

ಸಜ್ಜನರೆ, ಇದು ಕಲ್ಲೆದೆಯವನ ಮಾತೆಂದು ಕೆಲವರು ಭಾವಿಸಬಹುದು. ನಾನು ಹಾಗೆ ಭಾವಿಸಲಾರೆನು. ಮಗನ ಮೇಲೆ ಮೋಹವಿಲ್ಲದವನು ಬೇಡವೆಂದರೆ ಅದರಲ್ಲಿ ತ್ಯಾಗವೇನಿದೆ? ತನ್ನ ಸಂಕಟದ ಅಳತೆಯಿಂದಲೇ ಅವರು ಹೆಸರರಿಯದ ನೂರಾರು ತಂದೆತಾಯಿಗಳ ಸಂಕಟವನ್ನು ಅಳೆದರು. ಪಿತೃಪ್ರೇಮವು ಅಲ್ಲಿ ಬತ್ತಲಿಲ್ಲ. ದಂಡೆಯನ್ನು ಮೀರಿ ಹರಿಯಿತು.

ನನ್ನದೊಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕು. ಹಿಂದೆ ಒಂದು ವಿದ್ಯಾರ್ಥಿನಿಲಯದಲ್ಲಿ ಉಚಿತ ಪ್ರಸಾದದ ಒಂದೇ ಸ್ಥಾನವು ಉಳಿದಿದ್ದಾಗ, ತಂಗಿಯ ಮಗನಿಗಾಗಿ ನಾನು ಮಾತನಾಡಿದೆನು. ಅದು ಆತನಿಗೇ ದೊರೆಯಿತು. ಅವನಿಗಿಂತ ಬಡವನಾದ ಇನ್ನೊಬ್ಬ ಬಾಲಕನು ಬುತ್ತಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿರುಗಿದನು. ಅವನ ಬೆನ್ನು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಾರ್ಯಪ್ಪನವರ ಉತ್ತರವನ್ನು ಓದಿದಾಗಲೆಲ್ಲ ಆ ಬಾಲಕನ ನೆನಪು ಬಾರದೆ ಇರುವುದಿಲ್ಲ.

1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯು ಲಭಿಸಿತು. 1993ನೆಯ ಮೇ 15ರಂದು ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಪ್ರಸಾದವನ್ನು ಬಡಿಸುವ ಈ ಮಠದ ಅಂಗಳದಲ್ಲಿ ನಿಂತು ನಾನು ಬೇಡುವುದಿಷ್ಟೆ: ನಮ್ಮ ಮಕ್ಕಳಿಗಾಗಿ ಕೈಯೊಡ್ಡುವಾಗ, ಪಕ್ಕದಲ್ಲಿ ನಿಂತಿರುವ ಪರರ ಮಗುವೂ ನಮ್ಮ ಕಣ್ಣಿಗೆ ಬೀಳಲಿ. ಆ ವೀರಗೃಹಸ್ಥನ ಸ್ಮರಣೆಗೆ ಅದಕ್ಕಿಂತ ಮಿಗಿಲಾದ ಕಾಣಿಕೆಯಿಲ್ಲ.